ಎಂಟು ಕೋಳಿಯ ಗೂಡು ಅಂದರು, ಒಂದೂ ಕೋಲಿನ ಮೇಲೆ ಮಲಗಲಿಲ್ಲ

ಮೊದಲೇ ಸ್ಟಾರ್ ಲೆಕ್ಕ ಹೇಳಿಬಿಡುತ್ತೇನೆ. ಗೂಡಿನ ಮೈಕಟ್ಟಿಗೆ ನಾಲ್ಕು. ಒಳಗಿನ ಅಡ್ಡಕೋಲಿಗೆ ಮತ್ತು ಮೊಟ್ಟೆ ಪೆಟ್ಟಿಗೆಗೆ ಒಂದೂವರೆ. ಒಟ್ಟಾರೆ ಮೂರು ಕೊಟ್ಟಿದ್ದೇನೆ, ಅದೂ ಸ್ವಲ್ಪ ಕನಿಕರದಿಂದ.

ನಾನು ತೆಗೆದುಕೊಂಡಿದ್ದು ಬಿಡಿ ಹಲಗೆಗಳಾಗಿ ಬಂದು, ನಾವೇ ಜೋಡಿಸಿಕೊಳ್ಳಬೇಕಾದ ಸಣ್ಣ ಮರದ ಕೋಳಿಗೂಡು. ಒಳಗಿನ ನೆಲ 4 ಅಡಿ ಉದ್ದ, 3 ಅಡಿ ಅಗಲ, ಎತ್ತರ 4 ಅಡಿ. ಮುಂದಿನ ಉದ್ದ ಗೋಡೆಗೆ ಹೊರಕ್ಕೆ ಚಾಚಿಕೊಂಡ ಮೂರು ಖಾನೆಯ ಮೊಟ್ಟೆ ಪೆಟ್ಟಿಗೆ, ಅದಕ್ಕೆ ಹೊರಗಿನಿಂದಲೇ ಎತ್ತುವ ಮುಚ್ಚಳ. ಪಕ್ಕದಲ್ಲಿ ಬಾಗಿಲು, ಹಿಂದೆ ಒಂದು ಜಾಲರಿ ಕಿಟಕಿ, ತಳದಲ್ಲಿ ಎಳೆದು ತೆಗೆಯುವ ತಗಡಿನ ತಟ್ಟೆ. ರಾತ್ರಿ ಕೋಳಿ ಕೂರುವುದಕ್ಕೆ ಎರಡು ದುಂಡನೆಯ ಕೋಲು. ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ನಮೂನೆಯ ಗೂಡು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ, ಒಳಗಿನ ತಪ್ಪುಗಳೂ ಹೆಚ್ಚು ಕಡಿಮೆ ಇವೇ ಇರುತ್ತವೆ. ಹಾಗಾಗಿ ಹೆಸರಿಗಿಂತ ಅಳತೆ ನೋಡಿಕೊಳ್ಳಿ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ '8 ಕೋಳಿಗಳಿಗೆ' ಎಂದು ಬರೆದಿದೆ. ಎಂಟು ಕೋಳಿ ಅಂದರೆ ಎಂಟು ಮರಿ ಇರಬೇಕು! ಒಂದು ಹೇಂಟೆಗೆ ಗೂಡಿನ ಒಳಗೆ ಸುಮಾರು 4 ಚದರ ಅಡಿ ಜಾಗ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಇಲ್ಲಿರುವುದು 12 ಚದರ ಅಡಿ. ಅಂದರೆ ಮೂರು ಕೋಳಿ. ದಿನವಿಡೀ ಹೊರಗೆ ಓಡಾಡಿಕೊಂಡಿದ್ದು ರಾತ್ರಿ ಮಲಗೋಕೆ, ಬೆಳಿಗ್ಗೆ ಮೊಟ್ಟೆ ಇಡೋಕೆ ಮಾತ್ರ ಒಳಗೆ ಬರುವುದಾದರೆ ಐದನ್ನು ಹೇಗೋ ಸುಧಾರಿಸಬಹುದು. ನನ್ನ ಹತ್ತಿರ ಇರುವುದು ಐದೇ, ಬಚಾವಾದೆ.

ಜೋಡಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಗಂಟೆ ಸಾಕು ಅಂದಿದ್ದರು, ಅರ್ಧ ದಿನ ಹಿಡಿಯಿತು. ಎರಡು ಕಡೆ ಸ್ಕ್ರೂ ತೂತು ಒಂದಕ್ಕೊಂದು ಕೂಡಲಿಲ್ಲ, ನಾನೇ ಡ್ರಿಲ್ ಹಾಕಿಕೊಂಡೆ. ಹಲಗೆ ಪರವಾಗಿಲ್ಲ, ಚಾವಣಿ ಚೆನ್ನಾಗಿದೆ, ಬಾಗಿಲ ಚಿಲಕ ಗಟ್ಟಿಯಾಗಿದೆ. ತಳದ ತಟ್ಟೆಯಂತೂ ಈ ಗೂಡಿನ ಅತ್ಯುತ್ತಮ ಭಾಗ. ಎಳೆದು ಸುರಿದರೆ ಮುಗಿಯಿತು.

ನಿಜವಾದ ಕಥೆ ಶುರುವಾಗಿದ್ದು ಮೊದಲ ರಾತ್ರಿ.

ಕತ್ತಲಾದ ಮೇಲೆ ಟಾರ್ಚ್ ಹಿಡಿದು ಒಳಗೆ ಇಣುಕಿದೆ. ಎರಡೂ ಕೋಲು ಖಾಲಿ. ನೆಲವೂ ಖಾಲಿ. ಕೋಳಿ ಓಡಿಹೋದವೇನೋ ಎಂದು ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಐದೂ ಮೊಟ್ಟೆ ಪೆಟ್ಟಿಗೆಯಲ್ಲಿ! ಒಂದು ಖಾನೆಯಲ್ಲಿ ಕೆಂಚಿ ಮತ್ತು ಚುಕ್ಕಿ ಒಬ್ಬರ ಮೇಲೊಬ್ಬರು ಅನ್ನುವ ಹಾಗೆ, ಇನ್ನೊಂದರಲ್ಲಿ ಎರಡು ಬಿಳಿ ಹೇಂಟೆಗಳು, ಮೂರನೆಯದರಲ್ಲಿ ಕರಿಯವ್ವ ಒಬ್ಬಳೇ ಯಜಮಾನಿಯ ಹಾಗೆ. ಬೆಳಿಗ್ಗೆ ಮೂರೂ ಖಾನೆ ಹಿಕ್ಕೆಯಿಂದ ತುಂಬಿತ್ತು. ನಾಳೆ ಮೊಟ್ಟೆ ಇಡಬೇಕಾದ ಜಾಗ ಅದು.

ಕೋಳಿಗಳದೇನೂ ತಪ್ಪಿಲ್ಲ. ಅಳತೆಪಟ್ಟಿ ತಂದು ನೋಡಿದೆ. ಕೋಲು ನೆಲದಿಂದ 8 ಇಂಚು ಮೇಲಿದೆ. ಮೊಟ್ಟೆ ಪೆಟ್ಟಿಗೆಯ ತಳ 14 ಇಂಚು ಮೇಲಿದೆ. ಅಷ್ಟೇ, ಉತ್ತರ ಸಿಕ್ಕಿತು. ನಮ್ಮ ಮನೆ ಕೋಳಿಗಳ ಮೂಲ ಕೆಂಪು ಕಾಡುಕೋಳಿ. ಅದು ನೆಲದ ಮೇಲೆ ಮೇಯುತ್ತದೆ, ನೆಲದಲ್ಲೇ ಗೂಡು ಮಾಡಿ ಮೊಟ್ಟೆ ಇಡುತ್ತದೆ, ಆದರೆ ಸಂಜೆಯಾದರೆ ನರಿ, ಬೆಕ್ಕುಗಳಿಂದ ತಪ್ಪಿಸಿಕೊಳ್ಳೋಕೆ ಮರ ಹತ್ತಿ ಮಲಗುತ್ತದೆ. ಆ ಬುದ್ಧಿ ಇವಕ್ಕೂ ಹಾಗೇ ಉಳಿದಿದೆ. ಕತ್ತಲಾದರೆ ಗೂಡಿನಲ್ಲಿ ಯಾವ ಜಾಗ ಎಲ್ಲಕ್ಕಿಂತ ಎತ್ತರವೋ ಅಲ್ಲಿಗೇ ಹೋಗುತ್ತವೆ. ಇಲ್ಲಿ ಎತ್ತರದ ಜಾಗ ಮೊಟ್ಟೆ ಪೆಟ್ಟಿಗೆ. ಅಡ್ಡಕೋಲು ಮೇಲೆ, ಮೊಟ್ಟೆ ಪೆಟ್ಟಿಗೆ ಕೆಳಗೆ: ಕೋಳಿಗೂಡಿನ ಅ ಆ ಇ ಈ ಇದು. ನಕ್ಷೆ ಬರೆದವರು ಒಂದೇ ಒಂದು ಸಂಜೆ ಕೋಳಿ ಮಲಗುವುದನ್ನು ನಿಂತು ನೋಡಿದ್ದರೆ ಸಾಕಿತ್ತು.

ಕಂಪನಿಗೆ ಫೋನ್ ಮಾಡಿದೆ. ಪಾಪ, ಮಾತಾಡಿದ ಹುಡುಗ ತುಂಬಾ ಮರ್ಯಾದೆಯಿಂದಲೇ ಮಾತಾಡಿದ.

"ಸರ್, ಸ್ವಲ್ಪ ದಿನ ಬಿಡಿ, ಕೋಳಿಗೆ ಅಭ್ಯಾಸ ಆಗುತ್ತೆ."

"ಅಲ್ಲಪ್ಪಾ, ಕೋಲು ಪೆಟ್ಟಿಗೆಗಿಂತ ಕೆಳಗಿದೆ. ಕೋಳಿ ಯಾಕೆ ಕೆಳಗೆ ಮಲಗುತ್ತೆ?"

"ಡಿಸೈನ್ ಹಾಗೇ ಇರೋದು ಸರ್."

ಆ ಮಾತಿಗೆ ಎದುರು ಏನು ಹೇಳೋದು? ಫೋನ್ ಇಟ್ಟು ಗರಗಸ ತಂದೆ.

ಎತ್ತರ ಬಿಟ್ಟರೂ ಆ ಕೋಲುಗಳಲ್ಲಿ ಇನ್ನೂ ಎರಡು ತೊಂದರೆ ಇದ್ದವು. ಒಂದು, ದಪ್ಪ. ಒಂದು ಇಂಚಿನ ದುಂಡು ಕೋಲು ಅದು, ಮೇಲೆ ನುಣ್ಣನೆಯ ವಾರ್ನಿಷ್ ಬೇರೆ. ಗಿಳಿಗೋ ಪಾರಿವಾಳಕ್ಕೋ ಸರಿ. ಎರಡು ಕೆಜಿ ತೂಗುವ ಹೇಂಟೆ ರಾತ್ರಿಯಿಡೀ ಅದನ್ನು ಹಿಡಿದು ಕೂರಬೇಕಾದರೆ ಕಾಲಿಗೂ ಕಷ್ಟ, ಎದೆಮೂಳೆಗೂ ಕಷ್ಟ. ಕೋಳಿ ಮಲಗುವಾಗ ಮೈ ಇಳಿಸಿ ಕೂರುತ್ತದೆ, ಆಗ ಭಾರ ಎದೆಮೂಳೆಯ ಮೇಲೂ ಬೀಳುತ್ತದೆ. ಕೋಲು ಸಣ್ಣದಾದಷ್ಟೂ ಭಾರವೆಲ್ಲ ಒಂದೇ ಗೆರೆಯ ಮೇಲೆ, ಕಾಲ ಕಳೆದ ಹಾಗೆ ಮೂಳೆ ಸೊಟ್ಟಗಾಗುವುದೂ ಉಂಟು. ಇನ್ನೊಂದು, ಎರಡು ಕೋಲುಗಳ ನಡುವೆ 6 ಇಂಚು ಮಾತ್ರ ಬಿಟ್ಟಿದ್ದಾರೆ. ಎರಡರಲ್ಲೂ ಕೋಳಿ ಕೂತರೆ ಹಿಂದಿನವರ ಮೂತಿ ಮುಂದಿನವರ ಬಾಲಕ್ಕೆ ತಾಗುತ್ತದೆ. ಕನಿಷ್ಠ ಒಂದು ಅಡಿ ಅಂತರ ಬೇಕು. ಅಂದರೆ ಲೆಕ್ಕಕ್ಕೆ ಎರಡು ಕೋಲು, ಉಪಯೋಗಕ್ಕೆ ಒಂದೇ.

ಎರಡನ್ನೂ ಕಿತ್ತು ಹಾಕಿದೆ. ಹಳೆಯ ಮಂಚದ ಒಂದು ಮರದ ಪಟ್ಟಿ ಬಿದ್ದಿತ್ತು, 2 ಇಂಚು ದಪ್ಪ, 4 ಇಂಚು ಅಗಲ. ಅದನ್ನು ಹಿಂದಿನ ಗೋಡೆಯ ಉದ್ದಕ್ಕೂ, ಅಗಲದ ಮೈ ಮೇಲೆ ಬರುವ ಹಾಗೆ, ನೆಲದಿಂದ 28 ಇಂಚು ಎತ್ತರದಲ್ಲಿ ಅಡ್ಡ ಹಾಕಿದೆ. ಅಗಲದ ಮೈ ಮೇಲೆ ಬಂದರೆ ಕೋಳಿ ಪಾದ ಊರಿ ಆರಾಮಾಗಿ ಕೂರುತ್ತದೆ, ಚಳಿಯಿದ್ದರೆ ಹೊಟ್ಟೆಯ ಪುಕ್ಕದಲ್ಲಿ ಬೆರಳು ಪೂರ್ತಿ ಮುಚ್ಚಿಕೊಳ್ಳುತ್ತದೆ. ಅಂಚುಗಳನ್ನು ಉಜ್ಜಿ ಗುಂಡಗೆ ಮಾಡಿದೆ. ಇದನ್ನು ಸೋಮಾರಿತನದಿಂದ ಬಿಡಬೇಡಿ. ಸಿಬಿರು ಚುಚ್ಚಿದರೆ ಪಾದದ ಮೆತ್ತೆಯಲ್ಲಿ ಗಾಯವಾಗಿ, ಒಳಗೆ ಕೀವು ತುಂಬಿ, ಮೇಲೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಕೋಳಿ ಕುಂಟಲು ಶುರು ಮಾಡಿದಾಗಲೇ ನಮಗೆ ಗೊತ್ತಾಗುವುದು, ಅಷ್ಟು ಹೊತ್ತಿಗೆ ವಾಸಿ ಮಾಡುವುದು ದೊಡ್ಡ ಕೆಲಸ. ಬಹಳ ಎತ್ತರದಿಂದ ಗಟ್ಟಿ ನೆಲಕ್ಕೆ ದಿನಾ ಧುಮುಕಿದರೂ ಇದೇ ಗತಿ. ಅದಕ್ಕೇ 14 ಇಂಚಿನಲ್ಲಿ ಒಂದು ಸಣ್ಣ ಮೆಟ್ಟಿಲಿನ ಥರ ಹಲಗೆ ಕೊಟ್ಟೆ. ಎಳೆ ಕೋಳಿಗಳು ಹಾರಿಬಿಡುತ್ತವೆ, ಕರಿಯವ್ವನ ಮೈಗೆ ಮೆಟ್ಟಿಲು ಬೇಕೇ ಬೇಕು.

ಜಾಗದ ಲೆಕ್ಕ ಹೀಗೆ. ಒಂದು ಕೋಳಿಗೆ ಕೋಲಿನ ಮೇಲೆ 8ರಿಂದ 10 ಇಂಚು. ನನ್ನ ಪಟ್ಟಿ 48 ಇಂಚು, ಐದು ಕೋಳಿ, ತಲಾ ಒಂಬತ್ತೂವರೆ ಇಂಚಿನ ಮೇಲೆ. ಒಂದೇ ಪಟ್ಟಿಯಲ್ಲಿ ಎಲ್ಲರೂ ಕೂರುತ್ತಾರೆ. ಸಣ್ಣ ಗೂಡಿನಲ್ಲಿ ಇದೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ಒಂದು ಮೇಲೆ ಒಂದು ಕೆಳಗೆ ಎಂದು ಹಾಕಿದರೆ ಎಲ್ಲರಿಗೂ ಮೇಲಿನದೇ ಬೇಕು, ಗುಂಪಿನಲ್ಲಿ ದೊಡ್ಡವಳು ಯಾರೋ ಅವಳು ಮೇಲೆ ಹೋಗಿ ಕೆಳಗಿನವರನ್ನು ಕುಕ್ಕುತ್ತಾಳೆ, ಕೆಳಗಿನವರ ತಲೆ ಮೇಲೆ ಹಿಕ್ಕೆ ಬೇರೆ. ಒಂದೇ ಮಟ್ಟದಲ್ಲಿದ್ದರೂ ಜಗಳ ಇದ್ದೇ ಇದೆ, ಆದರೆ ಅದು ಹತ್ತು ನಿಮಿಷದ ಜಗಳ. ಕರಿಯವ್ವನಿಗೆ ಗೋಡೆ ಕಡೆಯ ಮೂಲೆ, ಉಳಿದವರಿಗೆ ಸಿಕ್ಕಿದ್ದು.

ಗೋಡೆಯಿಂದ ಒಂದು ಅಡಿ ಮುಂದಕ್ಕೆ ಹಾಕಿ, ಇಲ್ಲದಿದ್ದರೆ ಬಾಲ ಗೋಡೆಗೆ ಉಜ್ಜುತ್ತದೆ, ಹಿಕ್ಕೆಯೂ ಗೋಡೆಗೆ. ಪಟ್ಟಿಯ ಕೆಳಗೆ 6 ಇಂಚು ಬಿಟ್ಟು 20 ಇಂಚು ಅಗಲದ ಒಂದು ಹಲಗೆ ಇಟ್ಟಿದ್ದೇನೆ. ಕೋಳಿ ದಿನಕ್ಕೆ ಹಾಕುವ ಹಿಕ್ಕೆಯಲ್ಲಿ ದೊಡ್ಡ ಪಾಲು ರಾತ್ರಿ ಕೂತಲ್ಲೇ ಬೀಳುತ್ತದೆ, ಬೆಳಿಗ್ಗೆ ಆ ಹಲಗೆ ನೋಡಿದರೆ ನಂಬಿಕೆ ಬರುತ್ತದೆ. ಕರಣೆಯಿಂದ ಒಮ್ಮೆ ಕೆರೆದು ಬಕೆಟ್‌ಗೆ ಹಾಕಿದರೆ ಎರಡು ನಿಮಿಷದ ಕೆಲಸ. ನೆಲದ ಹೊಟ್ಟು ವಾರಗಟ್ಟಲೆ ಒಣಗಿಯೇ ಇರುತ್ತದೆ. ಬೆಳಿಗ್ಗೆ ಕೆರೆಯುವಾಗ ಯಾರ ಹಿಕ್ಕೆ ನೀರಾಗಿದೆ, ಯಾರದು ಹಸಿರಾಗಿದೆ ಎನ್ನುವುದೂ ಕಣ್ಣಿಗೆ ಬೀಳುತ್ತದೆ. ಯಾರು ಎಲ್ಲಿ ಕೂರುತ್ತಾರೆ ಅಂತ ಗೊತ್ತಿದ್ದರೆ ರೋಗಿ ಯಾರು ಅಂತಲೂ ಗೊತ್ತಾಗುತ್ತದೆ.

ಇಲ್ಲಿ ನಾನು ಒಂದು ಎಡವಟ್ಟು ಮಾಡಿದೆ. ಕೋಲು ಮೇಲೆತ್ತಿದ ಖುಷಿಯಲ್ಲಿ ಹಿಂದಿನ ಕಿಟಕಿ ಎಲ್ಲಿದೆ ಅಂತ ನೋಡಲೇ ಇಲ್ಲ. ಅದು ಸರಿಯಾಗಿ ಕೋಳಿಗಳ ಬೆನ್ನಿನ ಮಟ್ಟಕ್ಕೆ ಬಂದಿತ್ತು. ಗಾಳಿ ಬೀಸಿದ ರಾತ್ರಿ ಐದೂ ಪುಕ್ಕ ಕೆದರಿಕೊಂಡು, ಕೋಲಿನ ಒಂದೇ ತುದಿಗೆ ಒತ್ತಿಕೊಂಡು ಕೂತಿದ್ದವು. ಗೂಡಿಗೆ ಗಾಳಿ ಬೇಕು, ಅದು ಬೇರೆ ಮಾತು. ಹಿಕ್ಕೆಯಿಂದ ಏಳುವ ಅಮೋನಿಯಾ, ಉಸಿರಿನ ತೇವ ಎರಡೂ ಹೊರಗೆ ಹೋಗದಿದ್ದರೆ ಕೋಳಿಗೆ ಕಣ್ಣುರಿ, ಸೀನು, ಉಸಿರಿನ ಕಾಯಿಲೆ ಖಂಡಿತ. ಆದರೆ ಆ ಗಾಳಿ ಕೂತ ಕೋಳಿಯ ತಲೆಗಿಂತ ಮೇಲೆ ಓಡಾಡಬೇಕು, ಮೈಮೇಲೆ ಬೀಸಬಾರದು. ಕಿಟಕಿಗೆ ಹಲಗೆ ಹೊಡೆದು, ಚಾವಣಿಯ ಕೆಳಗೇ ಎರಡೂ ಪಕ್ಕ ಉದ್ದ ಸೀಳು ಕೊರೆದು, ಅದಕ್ಕೆ ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ಹಾಕಿದೆ. ಜಾಲರಿ ಅಂದಾಗ ನೆನಪಾಯಿತು, ಇವರು ಕೊಟ್ಟಿದ್ದ ಷಟ್ಕೋನ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗೆ ಇಡೋಕೆ ಸರಿ, ಮುಂಗುಸಿಯನ್ನೋ ನಾಯಿಯನ್ನೋ ಹೊರಗೆ ಇಡೋಕೆ ಅಲ್ಲ. ಬದಲಾಯಿಸಿ.

ಇನ್ನು ಪಟ್ಟಿಯನ್ನು ಮೊಳೆ ಹೊಡೆದು ಕೂರಿಸಬೇಡಿ. ಎರಡು ಕಡೆ ಇಂಗ್ಲಿಷ್ ಯು ಆಕಾರದ ಗೂಟ ಮಾಡಿ, ಅದರಲ್ಲಿ ಇಳಿಬಿಡಿ, ಬೇಕಾದಾಗ ಎತ್ತಿ ತೆಗೆಯುವ ಹಾಗಿರಲಿ. ಕಾರಣ ಕೆಂಪು ನುಸಿ. ಹಗಲು ಎಲ್ಲೂ ಕಾಣಿಸುವುದಿಲ್ಲ, ಕೋಲಿನ ತುದಿ ಗೋಡೆಗೆ ಸೇರುವ ಸಂದಿನಲ್ಲಿ ಅಡಗಿರುತ್ತದೆ. ರಾತ್ರಿ ಹೊರಗೆ ಬಂದು ಮಲಗಿದ ಕೋಳಿಯ ರಕ್ತ ಹೀರುತ್ತದೆ. ರಕ್ತ ಕುಡಿಯುವ ಮೊದಲು ಬೂದು ಬಣ್ಣ, ಕುಡಿದ ಮೇಲೆ ಕೆಂಪು. ಸೆಕೆಯ ದಿನಗಳಲ್ಲಿ ಒಂದೆರಡು ವಾರಕ್ಕೆಲ್ಲ ಹೊಸ ಪೀಳಿಗೆ ತಯಾರಾಗಿರುತ್ತದೆ, ಕೋಳಿ ಇಲ್ಲದ ಖಾಲಿ ಗೂಡಿನಲ್ಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ಕೋಳಿ ಸಂಜೆ ಒಳಗೆ ಹೋಗೋಕೆ ಹಟ ಮಾಡಿದರೆ, ಜುಟ್ಟು ಬಿಳಿಚಿಕೊಂಡರೆ, ರಾತ್ರಿ ಟಾರ್ಚ್ ಹಿಡಿದು ಕೋಲಿನ ಅಡಿಗೆ ಒಂದು ಬಿಳಿ ಹಾಳೆ ಉಜ್ಜಿ ನೋಡಿ. ಕೆಂಪು ಗೆರೆ ಬಿದ್ದರೆ ನುಸಿ ಇದೆ ಅಂತಲೇ. ನಾನು ಎರಡು ವಾರಕ್ಕೊಮ್ಮೆ ಪಟ್ಟಿ ಕಿತ್ತು, ಕುದಿಯುವ ನೀರು ಸುರಿದು, ಬಿಸಿಲಿಗೆ ಒಣಗಿಸಿ ಮತ್ತೆ ಇಡುತ್ತೇನೆ. ಕಂಪನಿಯ ಕೋಲುಗಳನ್ನು ಹಲಗೆಗೆ ತೂತು ಕೊರೆದು ಅಂಟು ಹಾಕಿ ಕೂರಿಸಿದ್ದರು, ನುಸಿಗೆ ಮನೆ ಕಟ್ಟಿಕೊಟ್ಟ ಹಾಗೆ.

ಕೋಲು ಸರಿಯಾದ ಕೂಡಲೇ ಕೋಳಿ ಸರಿಯಾಗಲಿಲ್ಲ. ಅಷ್ಟರಲ್ಲಿ ಪೆಟ್ಟಿಗೆಯಲ್ಲಿ ಮಲಗುವ ಚಟ ಹತ್ತಿತ್ತು. ಹತ್ತು ದಿನ ಸಂಜೆಗೆ ಮುಂಚೆ ರಟ್ಟಿನಿಂದ ಖಾನೆಗಳ ಬಾಯಿ ಮುಚ್ಚಿ, ಕತ್ತಲಾದ ಮೇಲೆ ಒಂದೊಂದನ್ನೇ ಎತ್ತಿ ಕೋಲಿನ ಮೇಲೆ ಕೂರಿಸಿದೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಕಡಿಮೆ, ಹಾಗಾಗಿ ಒಮ್ಮೆ ಕೂರಿಸಿದರೆ ಅಲ್ಲೇ ಇರುತ್ತದೆ, ಇಳಿದು ವಾಪಸ್ ಹೋಗುವ ಧೈರ್ಯ ಮಾಡುವುದಿಲ್ಲ. ನಾಲ್ಕನೇ ದಿನಕ್ಕೆ ಮೂರು ತಾವೇ ಹತ್ತಿದವು. ಕರಿಯವ್ವ ಮಾತ್ರ ಒಂಬತ್ತು ದಿನ ನನ್ನ ಕೈಯಲ್ಲಿ ಎತ್ತಿಸಿಕೊಂಡಳು. ಒಂದು ದಿನ ಬೆಳಿಗ್ಗೆ ರಟ್ಟು ತೆಗೆಯೋದು ಮರೆತೆ, ಆ ದಿನದ ಮೊಟ್ಟೆಗಳೆಲ್ಲ ನೆಲದ ಮೂಲೆಯಲ್ಲಿ. ಹೆಚ್ಚಿನ ಕೋಳಿಗಳು ಮೊಟ್ಟೆ ಇಡುವುದು ಬೆಳಿಗ್ಗೆಯೇ, ಅವು ನಮಗಾಗಿ ಕಾಯುವುದಿಲ್ಲ.

ಈಗ ಮೊಟ್ಟೆ ಪೆಟ್ಟಿಗೆಗೆ ಬರೋಣ. ಮೂರು ಖಾನೆ ಅಂದಾಗ ಧಾರಾಳ ಅನ್ನಿಸಿತ್ತು. ಒಂದೊಂದರ ಅಗಲ 10 ಇಂಚು. ಸಣ್ಣ ಜಾತಿಯ ಕೋಳಿಗೆ ಸರಿ ಹೋಗಬಹುದು. ಸಾಧಾರಣ ಹೇಂಟೆಗೆ 12 ಇಂಚು ಉದ್ದ, 12 ಅಗಲ, 12 ಎತ್ತರ ಇರಬೇಕು, ದಪ್ಪ ಜಾತಿಗೆ 14. ಕರಿಯವ್ವ ಒಳಗೆ ಹೋದರೆ ತಿರುಗೋಕೆ ಆಗದೆ ಹಿಮ್ಮುಖವಾಗಿ ಹೊರಗೆ ಬರುತ್ತಿದ್ದಳು, ಬರುವಾಗ ಮೊಟ್ಟೆಯನ್ನೂ ಕಾಲಲ್ಲಿ ಎಳೆದುಕೊಂಡು. ನಾಲ್ಕೈದು ಕೋಳಿಗೆ ಒಂದು ಪೆಟ್ಟಿಗೆ ಸಾಕು, ಹಾಗಾಗಿ ನಡುವಿನ ಅಡ್ಡಹಲಗೆಗಳನ್ನು ಕಿತ್ತು ಮೂರರ ಬದಲು 15 ಇಂಚಿನ ಎರಡು ಖಾನೆ ಮಾಡಿದೆ. ಎರಡು ಯಾಕೆ, ಒಂದೇ ಸಾಕಾಗಿತ್ತೇನೋ! ಐದಕ್ಕೂ ಬೇಕಾದದ್ದು ಎಡಗಡೆಯದೇ. ಒಂದು ಒಳಗಿದ್ದರೆ ಇನ್ನೊಂದು ಬಾಗಿಲಲ್ಲಿ ನಿಂತು ಬೈಯುತ್ತಿರುತ್ತದೆ, ಪಕ್ಕದ್ದು ಖಾಲಿ ಇದ್ದರೂ. ಮೊದಲೇ ಯಾರೋ ಮೊಟ್ಟೆ ಇಟ್ಟ ಜಾಗ ಅಂದರೆ ಅದು ಕ್ಷೇಮವಾದ ಜಾಗ ಅನ್ನುವುದು ಅವುಗಳ ಲೆಕ್ಕ.

ಇದೇ ಬುದ್ಧಿಯನ್ನು ನಾವು ಬಳಸಿಕೊಳ್ಳಬಹುದು. ಕೋಳಿಗಳು ಮೊದಲ ಮೊಟ್ಟೆ ಇಡುವುದು ಸಾಮಾನ್ಯವಾಗಿ 18ರಿಂದ 22 ವಾರದ ಹೊತ್ತಿಗೆ. ಅದಕ್ಕೆ ಎರಡು ವಾರ ಮೊದಲೇ ಪ್ರತಿ ಖಾನೆಯಲ್ಲಿ ಒಂದು ಮರದ ಮೊಟ್ಟೆ ಅಥವಾ ಗಾಲ್ಫ್ ಚೆಂಡು ಇಟ್ಟುಬಿಡಿ. ಹೊಸ ಹೇಂಟೆ ಅದನ್ನು ನೋಡಿ ಇದೇ ಜಾಗ ಅಂದುಕೊಳ್ಳುತ್ತದೆ. ನಾನು ಇದನ್ನು ತಡವಾಗಿ ಮಾಡಿದೆ, ಚುಕ್ಕಿಯ ಮೊದಲ ಆರು ಮೊಟ್ಟೆ ಹಿಕ್ಕೆ ಹಲಗೆಯ ಕೆಳಗಿನ ಕತ್ತಲಲ್ಲಿ ಸಿಕ್ಕವು.

ಕತ್ತಲು ಅಂದೆನಲ್ಲ, ಅದೂ ಮುಖ್ಯ. ಹೇಂಟೆಗೆ ಮೊಟ್ಟೆ ಇಡುವಾಗ ಮಬ್ಬು ಬೆಳಕು, ಮರೆ ಬೇಕು. ಈ ಗೂಡಿನ ಪೆಟ್ಟಿಗೆ ಬಾಗಿಲಿನ ಬೆಳಕು ನೇರ ಬೀಳುವ ಹಾಗಿದೆ. ಗೋಣಿಚೀಲದ ಎರಡು ತುಂಡನ್ನು ಪರದೆ ಮಾಡಿ ನಡುವೆ ಸೀಳಿ ಬಿಟ್ಟೆ. ಅಂಚು ಮಡಚಿ ಹೊಲಿಯಿರಿ, ಇಲ್ಲದಿದ್ದರೆ ಬಿಟ್ಟುಕೊಂಡ ನೂಲನ್ನು ಕೋಳಿ ನುಂಗುತ್ತದೆ, ಕಾಲಿಗೂ ಸುತ್ತಿಕೊಳ್ಳುತ್ತದೆ. ಎರಡು ದಿನ ಪರದೆಯನ್ನು ದೆವ್ವ ಕಂಡಂತೆ ನೋಡಿದವು. ಒಂದು ಮಗ್ಗುಲನ್ನು ಎತ್ತಿ ಕಟ್ಟಿದ ಮೇಲೆ ಒಗ್ಗಿಕೊಂಡವು. ಪರದೆಯಿಂದ ನನಗಾದ ದೊಡ್ಡ ಲಾಭ ಬೇರೆಯೇ: ಬಿಳಿ ಹೇಂಟೆಗಳಲ್ಲಿ ಒಂದು ಮೊಟ್ಟೆ ಒಡೆದು ತಿನ್ನುವುದನ್ನು ಕಲಿತಿತ್ತು, ಅದು ನಿಂತಿತು.

ಆ ಚಟಕ್ಕೂ ಕಾರಣ ಈ ಪೆಟ್ಟಿಗೆಯೇ ಅಂತ ನನ್ನ ಗುಮಾನಿ. ಖಾನೆಯ ಮುಂದಿನ ತಡೆಪಟ್ಟಿ ಬರೀ 2 ಇಂಚು. ಕೋಳಿ ಒಳಗೆ ಹೋಗಿ ಮೊಟ್ಟೆ ಇಡುವ ಮೊದಲು ಹಾಸನ್ನು ಕೆದರಿ ಗುಳಿ ಮಾಡುತ್ತದೆ, ಎರಡು ದಿನದಲ್ಲಿ ಹಾಸೆಲ್ಲ ಹೊರಗೆ, ಒಳಗೆ ಬೋಳು ಹಲಗೆ. ಮೊಟ್ಟೆ ಇಡುವ ಗಳಿಗೆಯಲ್ಲಿ ಕೋಳಿ ಅರ್ಧ ಎದ್ದು ನಿಲ್ಲುತ್ತದೆ, ಮೊಟ್ಟೆ ಬೀಳುವುದು ಬೋಳು ಹಲಗೆಗೆ, ಸಣ್ಣ ಬಿರುಕು, ಬಿರುಕಿನಿಂದ ಲೋಳೆ, ಲೋಳೆಯ ರುಚಿ ಹತ್ತಿದ ಕೋಳಿ. 5 ಇಂಚಿನ ಪಟ್ಟಿ ಹೊಡೆದ ಮೇಲೆ ಹಾಸು ಒಳಗೇ ನಿಂತಿದೆ. ಇವರೇ ಕೊಟ್ಟ ಪ್ಲಾಸ್ಟಿಕ್ ಹುಲ್ಲಿನ ಹಾಸು ಚೆನ್ನಾಗಿದೆ, ತೊಳೆಯೋಕೆ ಸುಲಭ. ಅದರ ಮೇಲೆ ಮೂರು ಇಂಚು ಒಣಹುಲ್ಲು ಅಥವಾ ಮರದ ಸುರುಳಿ ಹೊಟ್ಟು ಹಾಕಿ. ಗರಗಸದ ನುಣ್ಣನೆಯ ಪುಡಿ ಬೇಡ, ಧೂಳು ಕೋಳಿಯ ಮೂಗಿಗೆ ಹೋಗುತ್ತದೆ.

ಮುಚ್ಚಳದ ವಿಷಯ ಹೇಳದಿದ್ದರೆ ಈ ವಿಮರ್ಶೆ ಪೂರ್ತಿಯಾಗುವುದಿಲ್ಲ. ಹೊರಗಿನಿಂದ ಎತ್ತಿ ಮೊಟ್ಟೆ ತೆಗೆಯುವುದು ನಿಜಕ್ಕೂ ಸುಖ, ಗೂಡಿನ ಒಳಗೆ ತಲೆ ಹಾಕಬೇಕಾಗಿಲ್ಲ, ಮಕ್ಕಳೂ ತೆಗೆಯುತ್ತಾರೆ. ಆದರೆ ಮೊದಲ ಮಳೆಗೇ ಬಿಜಾಗರಿಯ ಸಂದಿನಿಂದ ನೀರು ಇಳಿದು ಹಾಸು ಮುದ್ದೆಯಾಯಿತು. ಒದ್ದೆ ಹಾಸು ಅಂದರೆ ಕೊಳಕು ಮೊಟ್ಟೆ. ಮೊಟ್ಟೆಯ ಹೊರಗೆ ಒಂದು ತೆಳ್ಳನೆಯ ಪೊರೆ ಇರುತ್ತದೆ, ಕ್ರಿಮಿ ಒಳಗೆ ಹೋಗದಂತೆ ತಡೆಯುವುದು ಅದೇ. ಕೊಳಕಾಗಿದೆ ಎಂದು ತೊಳೆದರೆ ಅದೂ ಹೋಗುತ್ತದೆ. ಹಾಗಾಗಿ ತೊಳೆಯುವುದಕ್ಕಿಂತ ಕೊಳಕಾಗದಂತೆ ನೋಡಿಕೊಳ್ಳುವುದೇ ಮೇಲು. ಸೈಕಲ್‌ನ ಹಳೆಯ ಟ್ಯೂಬ್ ಸೀಳಿ, ಬಿಜಾಗರಿಯ ಮೇಲೆ ಉದ್ದಕ್ಕೂ ಹೊಡೆದೆ. ನೀರು ಇಳಿಯುವುದು ನಿಂತಿದೆ. ಪೆಟ್ಟಿಗೆಯ ಮುಚ್ಚಳ ಇಳಿಜಾರಾಗಿದೆ, ಅದಕ್ಕೆ ಒಂದು ಶಭಾಷ್. ಚಪ್ಪಟೆ ಇದ್ದಿದ್ದರೆ ಹಗಲು ಅದರ ಮೇಲೇ ಹತ್ತಿ ಕೂತು ಗಲೀಜು ಮಾಡುತ್ತಿದ್ದವು.

ನಡುವೆ ಒಮ್ಮೆ ಕೆಂಚಿ ಕಾವಿಗೆ ಕೂತಿತು. ಹುಂಜ ಇಲ್ಲದ ಮನೆ, ಮೊಟ್ಟೆಯಲ್ಲಿ ಮರಿ ಆಗೋದಿಲ್ಲ, ಆದರೂ ಮರದ ಮೊಟ್ಟೆಯ ಮೇಲೆ 21 ದಿನ ಕೂರುವ ಹುಮ್ಮಸ್ಸು. ಎಡಗಡೆಯ ಖಾನೆ ಅದರದ್ದೇ ಆಯಿತು, ಹತ್ತಿರ ಹೋದವರಿಗೆಲ್ಲ ಕುಕ್ಕು. ಆಗ ಎರಡನೇ ಖಾನೆಯ ಬೆಲೆ ಗೊತ್ತಾಯಿತು. ಕೆಂಚಿಯನ್ನು ತಳದಲ್ಲಿ ಜಾಲರಿ ಇರುವ ಪಂಜರದಲ್ಲಿ ನೀರು, ಕಾಳು ಕೊಟ್ಟು ನಾಲ್ಕು ದಿನ ಇಟ್ಟೆ. ಹೊಟ್ಟೆಗೆ ತಂಪು ಗಾಳಿ ತಾಗಿದರೆ ಕಾವು ಇಳಿಯುತ್ತದೆ. ಇಳಿಯಿತು. ಸಿಟ್ಟು ಇಳಿಯೋಕೆ ಇನ್ನೊಂದು ವಾರ ಬೇಕಾಯಿತು.

ಹಾಗಾದರೆ ತಗೋಬಹುದಾ? ಮೂರು ನಾಲ್ಕು ಕೋಳಿ ಇದ್ದು, ಮನೆಯಲ್ಲಿ ಗರಗಸ, ಡ್ರಿಲ್ ಇದ್ದು, ಒಂದು ಭಾನುವಾರ ಪೂರ್ತಿ ಕೊಡೋಕೆ ತಯಾರಿದ್ದರೆ ತಗೊಳ್ಳಿ. ಗೋಡೆ, ಚಾವಣಿ, ತಟ್ಟೆ ಎಲ್ಲವನ್ನೂ ನೀವೇ ಮಾಡಿಕೊಳ್ಳುವುದಕ್ಕಿಂತ ಇದು ಸುಲಭ. ಬಂದ ಕೂಡಲೇ, ಕೋಳಿ ಬಿಡುವ ಮೊದಲೇ, ಕೋಲು ಎತ್ತರಕ್ಕೆ ಹಾಕಿ, ನನ್ನ ಹಾಗೆ ಹತ್ತು ರಾತ್ರಿ ಕೋಳಿ ಹೊತ್ತುಕೊಂಡು ಕೂರಿಸಬೇಕಾಗುವುದಿಲ್ಲ. ಡಬ್ಬ ಬಿಚ್ಚಿ ಜೋಡಿಸಿದರೆ ಆಯಿತು, ಆಮೇಲೆ ಮೊಟ್ಟೆ ತೆಗೆಯೋದೊಂದೇ ಕೆಲಸ ಅಂದುಕೊಂಡಿದ್ದರೆ ಬೇರೆ ನೋಡಿ. ಎಂಟು ಕೋಳಿ ಇರುವವರು ಫೋಟೋ ಕೂಡ ನೋಡಬೇಡಿ.

ಮುಚ್ಚಳದ ಬಲಗಡೆ ಬಿಜಾಗರಿ ಎರಡನೇ ತಿಂಗಳಿಗೇ ಕಿತ್ತು ಬಂತು, ಸ್ಕ್ರೂ ತೀರಾ ಗಿಡ್ಡ. ಹೊಸದು ಕಳಿಸುತ್ತೇವೆ ಸರ್ ಅಂದಿದ್ದಾರೆ. ಸದ್ಯಕ್ಕೆ ತಂತಿ ಕಟ್ಟಿದ್ದೇನೆ. ಬಂದರೆ ಅರ್ಧ ಸ್ಟಾರ್ ಸೇರಿಸುತ್ತೇನೆ.